ಸಿಕ್ ಲೈನಿನ ಗಂಡು

ರೈಲ್ವೆಯಲ್ಲಿ ಕೆಲಸ ಅಂದ ಕೂಡಲೇ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ‘ಟಿಕೆಟ್ ಕೊಡ್ತೀರಾ? ಗಾಡಿ ಓಡಿಸ್ತೀರಾ?’ ಎರಡೂ ಇಲ್ಲ ಅಂದರೆ, ‘ಮತ್ತೇನು, ಬಾವುಟ ತೋರಿಸ್ತೀರಾ?’ ಅದೂ ಇಲ್ಲ ಅಂದರೆ ನನ್ನ ಮುಖ ಬಿಟ್ಟು ತಮ್ಮ ಮೊಬೈಲ್ ನೋಡತೊಡಗುತ್ತಾರೆ. ನನಗೆ ಮೈಯೆಲ್ಲ ಉರಿಯುವುದು ಇದಕ್ಕೇ. ಅಯ್ಯಾ ಪುಣ್ಯಾತ್ಮ, ನೀನು ಬಾಯಿ ತೆರೆದು ಗೊರಕೆ ಹೊಡೆಯುತ್ತ ಹೋಗುವ ಡಬ್ಬಿಯ ಅಡಿಗೆ ಯಾರೋ ಒಬ್ಬ ಹೊಕ್ಕು, ಗಾಲಿ ಸರಿ ಇದೆ, ಬ್ರೇಕು ಸರಿ ಇದೆ ಅಂತ ನೋಡಿ ಬಂದಿರುತ್ತಾನಲ್ಲ, ಆ ಪ್ರಾಣಿ ನಾನು.

ಬಳ್ಳಾರಿಯ ಯಾರ್ಡಿನಲ್ಲಿ ನಾನು ಟೆಕ್ನಿಷಿಯನ್. ಪ್ರಯಾಣಿಕರ ಡಬ್ಬಿಗಿಂತ ಅದಿರು ಹೊರುವ ಗೂಡ್ಸ್ ಡಬ್ಬಿಗಳ ಸಹವಾಸವೇ ನನಗೆ ಹೆಚ್ಚು. ಗಾಡಿ ಬಂದು ನಿಂತಿತು ಅಂದರೆ ಸುತ್ತಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯುತ್ತೇವೆ. ಬಡಿದಾಗ ಠಣ್ ಅಂದರೆ ಗಟ್ಟಿ, ಥಡ್ ಅಂದರೆ ಬಿರುಕು ಬಿಟ್ಟಿದೆ ಅಥವಾ ಸಡಿಲಾಗಿದೆ. ಬೇರಿಂಗ್ ಬಿಸಿಯಾಗಿದೆಯೋ ಅಂತ ನೋಡಲು ಈಗ ಪಿಸ್ತೂಲಿನಂಥ ಯಂತ್ರ ಕೊಟ್ಟಿದ್ದಾರೆ. ನಾವು ಅದರಲ್ಲಿ ನೋಡಿ, ಆಮೇಲೆ ಮನಸ್ಸಿನ ಸಮಾಧಾನಕ್ಕೆ ಮುಂಗೈಯನ್ನೂ ಹತ್ತಿರ ಹಿಡಿಯುತ್ತೇವೆ, ಮಗುವಿನ ಜ್ವರ ನೋಡುವ ಹಾಗೆ. ಮನೆಗೆ ಹೋಗುವ ಹೊತ್ತಿಗೆ ಕೆಂಪು ಧೂಳು ಕಿವಿಯೊಳಗೂ ಕೂತಿರುತ್ತದೆ. ಒಗೆಯುವ ಕಲ್ಲಿನಿಂದ ಇಳಿಯುವ ನೀರು ನೋಡಿ ನಮ್ಮವ್ವ, ‘ನೀನು ಕೆಲಸಕ್ಕ ಹೋಗಿದ್ಯೋ, ಹೋಳಿ ಆಡಾಕ ಹೋಗಿದ್ಯೋ?’ ಅನ್ನುತ್ತಾಳೆ.

ಕೆಟ್ಟ ಡಬ್ಬಿ ಸಿಕ್ಕರೆ ಸೀಮೆಸುಣ್ಣದಲ್ಲಿ ಅದರ ಮೈಮೇಲೆ ‘ಸಿಕ್’ ಅಂತ ಬರೆಯುತ್ತೇವೆ. ಅದನ್ನು ಗಾಡಿಯಿಂದ ಬಿಡಿಸಿ ಪಕ್ಕದ ಹಳಿಗೆ ತಳ್ಳುತ್ತಾರೆ. ಆ ಹಳಿಯ ಹೆಸರೇ ಸಿಕ್ ಲೈನ್. ಅಲ್ಲಿ ಜಾಕಿ ಕೊಟ್ಟು ಎತ್ತಿ, ಕೆಟ್ಟದ್ದು ಬಿಚ್ಚಿ, ಒಳ್ಳೆಯದು ಕೂರಿಸಿ, ಓಡಲು ಯೋಗ್ಯ ಅಂತ ‘ಫಿಟ್’ ಕೊಟ್ಟು ಕಳಿಸುತ್ತೇವೆ. ಸಿಕ್ ಬಂತು, ಫಿಟ್ ಹೋಯಿತು. ದಿನವಿಡೀ ನಮ್ಮ ಬಾಯಲ್ಲಿ ಇವೆರಡೇ ಮಾತು. ಈ ಎರಡು ಮಾತು ಸೇರಿಕೊಂಡು ನನ್ನ ಮದುವೆಯನ್ನು ಎಲ್ಲಿಂದ ಎಲ್ಲಿಗೆ ಒಯ್ದವು ಅಂತ ನೆನೆದರೆ ಇವತ್ತಿಗೂ ನಗು ಬರುತ್ತದೆ. ಒಂದೊಂದು ಸಲ ನಗು ಅರ್ಧಕ್ಕೇ ನಿಲ್ಲುತ್ತದೆ.

ಈ ಕೆಲಸ ಹಚ್ಚಿದ ಚಟ ಒಂದಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು, ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳುವುದು. ಮನೆಯ ಬಾಗಿಲು, ನೀರಿನ ಡ್ರಮ್ಮು, ಬಸ್ಸಿನ ಸೀಟಿನ ಹಿಂಬದಿ. ಮಾರ್ಕೆಟ್ಟಿನಲ್ಲಿ ಕಲ್ಲಂಗಡಿ ಆರಿಸಲು ಪಾರ್ವತಿನಗರದ ನಮ್ಮ ಓಣಿಯ ಹೆಂಗಸರು ನನ್ನನ್ನೇ ಕರೆದೊಯ್ಯುತ್ತಿದ್ದರು. ಒಂದು ಸಲ ಗಡಿಗೆ ಅಂಗಡಿಯಲ್ಲಿ ನಾನು ಸಾಲಾಗಿ ಬಡಿಯುತ್ತ ಹೋಗಿ ಒಂದು ಗಡಿಗೆ ಒಡೆದೇಹೋಯಿತು. ‘ಇದು ಮೊದಲೇ ಸಿಕ್ ಇತ್ತು’ ಅಂತ ನಾನು ಜಗಳಕ್ಕೆ ನಿಂತೆ. ಗಡಿಗೆಯಾತ ನನ್ನ ತಲೆಯ ಕಡೆ ನೋಡಿ, ‘ಅದನ್ನೂ ಒಂದ್ಸಲ ಬಡದು ನೋಡ್ಕೊಳ್ರಿ’ ಅಂದ.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಸರ್ಕಾರಿ ನೌಕರಿ ಅಂತ ಓಡಿಬಂದವರು ಕೆಲಸ ಏನೆಂದು ಕೇಳಿದ ಮೇಲೆ, ‘ಡಬ್ಬಿ ಬಡಿಯೋನಂತ’ ಅಂತ ಮೂಗು ಮುರಿದು ಹೋಗುತ್ತಿದ್ದರು. ನನಗೆ ಹೆಣ್ಣು ಹುಡುಕುವ ಗುತ್ತಿಗೆ ಹಿಡಿದವಳು ಕುರುಗೋಡಿನ ನಮ್ಮ ಸೋದರತ್ತೆ. ಆಕೆ ನನ್ನನ್ನು ಬಗೆಬಗೆಯಾಗಿ ಬಣ್ಣಿಸಿ ನೋಡಿದಳು. ಕೊನೆಗೆ ಬೇಸತ್ತು, ‘ಹುಡುಗ ರೈಲ್ವೇದಾಗ ಅದಾನ, ಮುಂದಿಂದು ನೀವೇ ವಿಚಾರಿಸ್ಕಳ್ರಿ’ ಅನ್ನತೊಡಗಿದಳು. ಹಾಗೆ ಹೇಳಿದ್ದರಿಂದಲೇ ಇಷ್ಟೆಲ್ಲ ಆಯಿತು.

ಸಿರುಗುಪ್ಪದ ಹುಡುಗಿಯ ಫೋಟೋ ಅತ್ತೆಯ ಮೊಬೈಲಿನಿಂದ ನನ್ನ ಮೊಬೈಲಿಗೆ ಬಂತು. ಅಕ್ಕಿ ಗಿರಣಿಯ ಕಾಟಾದಲ್ಲಿ, ಅಂದರೆ ಲಾರಿ ತೂಗುವಲ್ಲಿ, ಚೀಟಿ ಬರೆಯುವ ಕೆಲಸ ಆಕೆಯದು. ಫೋಟೋದಲ್ಲಿ ಆಕೆ ಕ್ಯಾಮೆರಾ ನೋಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಯಾರಿಗೋ, ‘ನಿಂದು ತೂಕ ತಪ್ಪೈತಿ’ ಅಂತ ಹೇಳಲು ಬಾಯಿ ತೆರೆದಂತಿತ್ತು. ಆ ಫೋಟೋವನ್ನು ನಾನು ಎಷ್ಟು ಸಲ ನೋಡಿದೆನೋ ದೇವರಿಗೇ ಗೊತ್ತು. ಅಲ್ಲಿಯವರೆಗೆ ಬಂದ ಸಂಬಂಧ ಹೋದರೆ ಹೋಗಲಿ ಅನ್ನುತ್ತಿದ್ದವನು, ಇದೊಂದು ಹೋಗದಿರಲಪ್ಪ ಅಂತ ಬೇಡಿಕೊಂಡೆ.

ನಮ್ಮ ಕಡೆ ಮಾತು ಮುಂದುವರಿಸುವ ಮೊದಲು ಹುಡುಗನ ಬಗ್ಗೆ ಗುಟ್ಟಾಗಿ ವಿಚಾರಿಸುವುದು ರೂಢಿ. ಹುಡುಗಿಯ ಸೋದರಮಾವ ಸಿರಿಗೇರಿಯವನು, ಟ್ರ್ಯಾಕ್ಟರ್ ಇಟ್ಟುಕೊಂಡು ಬಾಡಿಗೆ ಹೊಡೆಯುವವನು. ಆತ ಮೋಟರ್‌ಸೈಕಲ್ ಹತ್ತಿ ಬಳ್ಳಾರಿಗೆ ಬಂದು ಯಾರ್ಡಿನ ಗೇಟಿನ ಹೊರಗಿನ ಚಹಾದ ಅಂಗಡಿಯಲ್ಲಿ ಕೂತ. ಅಂಗಡಿಯ ಚಾಚಾ ನಮ್ಮೆಲ್ಲರಿಗೂ ಬೇಕಾದವನು, ನಮ್ಮ ಮಾತುಗಳೆಲ್ಲ ಅವನ ಬಾಯಿಗೂ ಬಂದಿದ್ದವು. ಅಲ್ಲಿ ನಡೆದ ಸಂಭಾಷಣೆಯನ್ನು ಚಾಚಾನೇ ಆಮೇಲೆ ನನಗೆ ಒಪ್ಪಿಸಿದ್ದು.

ಮಾವ ನನ್ನ ಗುರುತು ಹೇಳಿ, ‘ಆ ಹುಡುಗ ಎಲ್ಲಿ ಸಿಗ್ತಾನ್ರಿ?’ ಅಂದನಂತೆ.

‘ಆತನಾ? ಸಿಕ್‌ನಾಗ ಅದಾನ.’

ಮಾವನಿಗೆ ಚಹಾ ಗಂಟಲಲ್ಲಿ ನಿಂತಿತು. ‘ಎಷ್ಟು ದಿನದಿಂದ?’

‘ನೌಕರಿಗೆ ಸೇರಿದಾಗಿಂದ್ಲೂ ಸಿಕ್‌ನಾಗೇ ಅದಾನ್ರಿ. ಹೊರಗ ಬರೋ ಲಕ್ಷಣ ಇಲ್ಲ. ರಿಟೈರ್ ಆಗೋತನಕ ಅಲ್ಲೇ.’

‘ಅಯ್ಯೋ ಶಿವನ! ಅಂಥಾದ್ದು ಏನ್ರಿ ಆಗೈತಿ ಆತಗ?’

ಚಾಚಾ ಪ್ರಶ್ನೆಯನ್ನು ಕೇಳಿಸಿಕೊಂಡದ್ದು ಅರ್ಧ, ಹೊಗಳುವ ಉತ್ಸಾಹ ಪೂರ್ತಿ. ‘ಏನ್ ಕೇಳ್ತೀರಿ! ದಿನಾ ಫಿಟ್. ಬ್ಯಾರೇರದು ದಿನಕ್ಕ ಒಂದಾಗೋದು ಕಷ್ಟ, ಈತಂದು ಒಂದೊಂದು ದಿನ ಮೂರು ಮೂರು ಫಿಟ್! ಸಾಹೇಬ್ರೇ ಬಂದು ನಿಂತು ನೋಡ್ತಾರ.’

ನಮ್ಮ ಕಡೆ ಫಿಟ್ ಅಂದರೆ ಜನಕ್ಕೆ ತಿಳಿಯುವುದು ಒಂದೇ, ಮೂರ್ಛೆ ಹೋಗಿ ಕೈಕಾಲು ಸೆಟೆಯುವ ಕಾಯಿಲೆ. ಮಾವ ಎದ್ದು ಬೇಲಿಯ ಸಂದಿಯಿಂದ ಇಣುಕಿದ. ನಾನು ಆಗ ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದೆನಂತೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದು. ಮಾವ ಕೇಳಿದ, ‘ಚಹಾ ಕುಡಿವಾಗೂ ಕೈಯಾಗ ಕಬ್ಬಿಣ ಐತಲ್ರಿ?’

‘ಅದನ್ನ ಬಿಟ್ಟು ಆತ ಒಂದು ಹೆಜ್ಜಿ ಇಡಲ್ಲ’ ಅಂತ ಚಾಚಾ ಹೆಮ್ಮೆಯಿಂದ ಹೇಳಿದ.

ಇನ್ನೇನು ಬೇಕು? ಮಾವ ಚಹಾ ಅರ್ಧಕ್ಕೇ ಬಿಟ್ಟು ಸಿರುಗುಪ್ಪದ ಕಡೆ ಗಾಡಿ ತಿರುಗಿಸಿದ. ಇದೊಂದೂ ನನಗೆ ಆಗ ತಿಳಿಯದು. ತಿಳಿದದ್ದು ಇಷ್ಟೇ: ಬೇರೆಯವರು ಉತ್ತರ ಕೊಡಲು ತಿಂಗಳು ತೆಗೆದುಕೊಳ್ಳುತ್ತಿದ್ದರು, ಇವರು ಮರುದಿನವೇ ಅತ್ತೆಗೆ ಫೋನ್ ಮಾಡಿ, ‘ಹುಡುಗಗ ಏನಿದ್ರೂ ನಮಗ ತ್ರಾಸಿಲ್ಲ, ಲಗೂನ ಕರಕಂಡು ಬರ್ರಿ’ ಅಂದಿದ್ದರು. ನಾನು ಕನ್ನಡಿ ಮುಂದೆ ನಿಂತು ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ ನೋಡಿಕೊಂಡೆ. ಅವ್ವ ಮಾತ್ರ, ‘ಇಷ್ಟು ಅವಸರ ಯಾಕ ಇವರಿಗೆ?’ ಅಂತ ಹುಬ್ಬು ಗಂಟಿಕ್ಕಿದಳು.

ಬಾಡಿಗೆ ಕಾರಿನಲ್ಲಿ ಅಪ್ಪ, ಅವ್ವ, ನಾನು ಹೊರಟೆವು. ಕುರುಗೋಡಿನಲ್ಲಿ ಅತ್ತೆಯನ್ನು ಹತ್ತಿಸಿಕೊಂಡೆವು. ಸಿರುಗುಪ್ಪದಲ್ಲಿ ಕಾರು ನಿಂತದ್ದೇ ತಡ, ಸೋದರಮಾವ ಬಂದು ನನ್ನ ತೋಳು ಹಿಡಿದ. ಸುಮ್ಮನೆ ಹಿಡಿದದ್ದಲ್ಲ, ಅಜ್ಜನನ್ನು ರಸ್ತೆ ದಾಟಿಸುವವರ ಹಾಗೆ ಹಿಡಿದ. ಹೊಸ್ತಿಲ ಹತ್ತಿರ, ‘ಮೆಟ್ಲು ಐತಿ, ಸಾವಕಾಶ’ ಅಂದ. ಒಳಗೆ ಅಪ್ಪ ಅವ್ವನಿಗೆ ಕುರ್ಚಿ ಹಾಕಿದ್ದರು. ನನಗೆ ಮಾತ್ರ ನೆಲದ ಮೇಲೆ ಗಾದಿ, ಸುತ್ತ ದಿಂಬು. ಹುಡುಗಿಯ ಅಜ್ಜಿ, ‘ಕೆಳಗ ಕುಂದರ್ಲಿ ಬಿಡ್ರಿ, ಅದಾ ಛಲೋ’ ಅಂದಳು. ಯಾರೋ ಟಿವಿ ಆರಿಸಿದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲ ಬಂತು. ನನ್ನ ತಟ್ಟೆ ಇಟ್ಟ ಕೈ ಅದರ ಪಕ್ಕದಲ್ಲೇ ಒಂದು ಇಡೀ ಉಳ್ಳಾಗಡ್ಡಿಯನ್ನೂ ಇಟ್ಟಿತು. ಸಿರುಗುಪ್ಪದ ಪದ್ಧತಿ ಇರಬೇಕು ಅಂದುಕೊಂಡೆ.

ಮಾವ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ನನ್ನ ಕಣ್ಣನ್ನೇ ನೋಡುತ್ತಿದ್ದ. ನಾನು ಮಿರ್ಚಿ ಕಚ್ಚಿ ಖಾರಕ್ಕೆ ತಲೆ ಅಲ್ಲಾಡಿಸಿದರೆ ಆತನೂ ಅರ್ಧ ಎದ್ದು ಕೂರುತ್ತಿದ್ದ. ಅಷ್ಟರಲ್ಲಿ ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ಫೋಟೋಗಿಂತ ಚೆನ್ನಾಗಿದ್ದಳು. ಬಂದವಳು ತಲೆ ತಗ್ಗಿಸದೆ ನೇರ ನನ್ನನ್ನೇ ನೋಡಿ ಒಂಚೂರು ನಕ್ಕಳು. ಎಷ್ಟೋ ದಿನದ ಪರಿಚಯದವರು ನಗುವ ಹಾಗಿತ್ತು ಆ ನಗು. ಗಾಬರಿಯಾದಾಗ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಬೆನ್ನ ಹಿಂದೆ ಕಟ್ಟಿಗೆಯ ಕಂಬ ಇತ್ತು. ಕೈ ತಾನಾಗಿ ಹೋಗಿ ಬೆರಳಗೆಣ್ಣಿನಿಂದ ಅದನ್ನು ಬಡಿಯಿತು. ಥಡ್! ಒಳಗೆ ಗೆದ್ದಲು. ಖಾತ್ರಿ ಮಾಡಿಕೊಳ್ಳಲು ತಲೆ ವಾಲಿಸಿ, ಕಿವಿ ಹಚ್ಚಿ, ಕಣ್ಣು ಮುಚ್ಚಿ ಇನ್ನೊಂದು ಸಲ ಬಡಿದೆ.

‘ಬಂತು! ಹಿಡೀರಿ!’

ಮಾವ ನನ್ನ ಮೇಲೆ ಬಿದ್ದ. ಕಣ್ಣು ಬಿಡುವಷ್ಟರಲ್ಲಿ ನಾನು ಗಾದಿಯ ಮೇಲೆ ಅಂಗಾತ. ಯಾರೋ ಕಾಲು ಅದುಮಿದರು. ಅಜ್ಜಿ ಉಳ್ಳಾಗಡ್ಡಿಯನ್ನು ಅಂಗೈಯಿಂದ ಗುದ್ದಿ ಒಡೆದು ನನ್ನ ಮೂಗಿಗೆ ತುರುಕಿದಳು. ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಪಾನಾ ಒಂದು ಕೈಗೆ ಬಂತು. ಅಡುಗೆಮನೆಯಿಂದ ರೊಟ್ಟಿ ಹಂಚು ಬಂದು ಎದೆಯ ಮೇಲೆ ಕೂತಿತು, ಅದಿನ್ನೂ ಬೆಚ್ಚಗಿತ್ತು. ಪಕ್ಕದ ಮನೆಯವನೊಬ್ಬ ಎಲ್ಲಿದ್ದನೋ, ಹಾರೆಯನ್ನೇ ಹೊತ್ತು ಓಡಿಬಂದ. ಅದನ್ನು ನನ್ನ ಯಾವ ಕೈಗೆ ಕೊಡುವುದು ಅಂತ ತಿಳಿಯದೆ ಅಲ್ಲೇ ನಿಂತ. ‘ಬಿಡ್ರೋ!’ ಅಂತ ಕೂಗಲು ಬಾಯಿ ತೆರೆದರೆ ಉಳ್ಳಾಗಡ್ಡಿ ಘಾಟಿಗೆ ಸೀನು, ಮೇಲೆ ಸೀನು. ಕಣ್ಣಿಂದ ನೀರು ಧಾರಾಕಾರ. ‘ಜೋರಾತು, ಜೋರಾತು!’ ಅಂತ ಅಜ್ಜಿ ಇನ್ನರ್ಧ ಉಳ್ಳಾಗಡ್ಡಿಯನ್ನೂ ಹಿಂಡಿದಳು. ಆ ಗದ್ದಲದಲ್ಲಿ ಒಂದು ತಣ್ಣನೆಯ ಕೈ ನನ್ನ ಎಡಗೈ ಬಿಡಿಸಿ ಏನನ್ನೋ ಇಟ್ಟು, ಬೆರಳು ಮುಚ್ಚಿ, ‘ಏನಾಗಲ್ರಿ, ಅಂಜಬ್ಯಾಡ್ರಿ’ ಅಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಅವ್ವ, ಅತ್ತೆ ಇಬ್ಬರೂ ಸೇರಿ, ‘ನನ್ನ ಮಗನ್ನ ಕೊಲ್ತಾರಲ್ಲಪ್ಪೋ!’ ಅಂತ ಬೊಬ್ಬೆ ಹಾಕಿ ಒಬ್ಬೊಬ್ಬರನ್ನೇ ಎಳೆದು ಹಾಕತೊಡಗಿದರು. ನಮ್ಮಪ್ಪನಿಗೆ ಬಲಗಿವಿ ಪೂರ್ತಿ ಕಿವುಡು. ಆತ ಕುರ್ಚಿಯಲ್ಲಿ ಕೂತು ಮಿರ್ಚಿ ತಿನ್ನುತ್ತಲೇ ಕೇಳಿದ, ‘ಶಾಸ್ತ್ರ ಶುರು ಆತೇನು?’

ನಾನು ಎದ್ದು ಕೂತು ಹಂಚು ಪಕ್ಕಕ್ಕಿಟ್ಟು, ಮೈಮೇಲೆ ದೆವ್ವ ಬಂದವನ ಹಾಗೆ ಅರಚಿದೆ. ‘ಏನ್ರೀ ಇದು? ಹೆಣ್ಣು ನೋಡಾಕ ಬಂದೋರನ್ನ ಹಿಂಗ ಕೆಡವತೀರೇನ್ರಿ?’

ಮಾವ ಸಮಾಧಾನದ ದನಿಯಲ್ಲಿ, ‘ಮುಚ್ಚಿಡಬ್ಯಾಡ್ರಿ. ನಿಮಗ ಫಿಟ್ಸ್ ಐತಂತ, ನೌಕರಿಗೆ ಸೇರಿದಾಗಿಂದ ಸಿಕ್‌ನಾಗ ಅದೀರಂತ ನಮಗೆಲ್ಲ ಗೊತ್ತೈತಿ’ ಅಂದ.

ಒಂದು ಗಳಿಗೆ ನನಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ನಗುವುದೋ ಗುದ್ದುವುದೋ ತಿಳಿಯಲಿಲ್ಲ. ನೆಲದ ಮೇಲೆ ಬೆರಳಲ್ಲಿ ಹಳಿ ಬರೆದು, ಮಂಡಕ್ಕಿ ತಟ್ಟೆಯನ್ನೇ ಡಬ್ಬಿ ಮಾಡಿ ತಳ್ಳಿ ತೋರಿಸಿದೆ. ಸಿಕ್ ಆಗುವುದು ಡಬ್ಬಿ, ನಾನಲ್ಲ. ಫಿಟ್ ನನಗೆ ಬರುವುದಿಲ್ಲ, ಡಬ್ಬಿಗೆ ನಾನು ಕೊಡುವುದು. ಕೈಯಲ್ಲಿರುವುದು ಮದ್ದಲ್ಲ, ಸುತ್ತಿಗೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಮ್ಮ ಕಾರಿನ ಡ್ರೈವರ್ ಬಾಗಿಲಲ್ಲಿ ನಿಂತು ನಕ್ಕ. ಹಾರೆಯವನೂ ನಕ್ಕು, ಹಾರೆ ಹೊತ್ತು ಮನೆಗೆ ಹೋದ. ‘ನನಗ ಗುಂಡುಸೂಜಿಯಷ್ಟೂ ಕಾಯಿಲೆ ಇಲ್ರಿ!’ ಅಂತ ನಾನು ಎದೆ ತಟ್ಟಿಕೊಂಡೆ.

ಆಮೇಲೆ ನೋಡಿದರೆ ನಗುತ್ತಿದ್ದವರು ನಾವಷ್ಟೇ. ಮಾವ ತಲೆ ತಗ್ಗಿಸಿದ್ದ. ಅಜ್ಜಿ ಒಡೆದ ಉಳ್ಳಾಗಡ್ಡಿಯ ಹೋಳುಗಳನ್ನು ಒಂದೊಂದೇ ಆಯುತ್ತಿದ್ದಳು. ಅವ್ವನ ನಗುವೂ ನಿಂತಿತು. ಆಕೆ ಕೇಳಿದಳು, ‘ಅಲ್ರೀ, ನನ್ನ ಮಗಗ ಫಿಟ್ಸ್ ಐತಿ ಅಂತ ತಿಳಕಂಡೂ ಇಷ್ಟು ಅವಸರದಾಗ ಯಾಕ ಕರೆಸಿದ್ರಿ?’

ಮಾವ, ‘ಅದು ಹಂಗಲ್ರೀ ಅಕ್ಕಾರ...’ ಅಂತ ಏನೋ ಶುರು ಮಾಡಿದ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಆತನ ಮಾತು ತಡೆದಳು.

‘ನನಗೂ ಐತ್ರಿ. ಅದಕ್ಕ.’

ಮುಖ ತೊಳೆದುಕೊಳ್ಳುವ ನೆಪ ಮಾಡಿ ನಾನು ಹಿತ್ತಲಿಗೆ ಹೋದೆ. ನೆಪ ಅಂದರೂ ಕಣ್ಣು ನಿಜವಾಗಿ ಉರಿಯುತ್ತಿತ್ತು. ಆಕೆಯೇ ಬಂದು ತಂಬಿಗೆಯಿಂದ ನೀರು ಹಾಕಿದಳು. ಆಗ ನೋಡಿದರೆ ನನ್ನ ಎಡಗೈ ಮುಷ್ಟಿಯಲ್ಲಿ ಒಂದು ಹಳೆಯ ಕಬ್ಬಿಣದ ಕೀಲಿಕೈ.

‘ಅದು ನಂದು, ಕೊಡ್ರಿ’ ಅಂದಳು. ‘ನಿಮಗ ಬ್ಯಾಡಲ್ಲ.’

‘ಯಾವುದರ ಕೀಲಿಕೈ ಇದು?’

‘ಯಾವುದರದೂ ಅಲ್ಲ. ಸಾಲಿಗೆ ಹೋಗುವಾಗ ಅಜ್ಜಿ ಸೊಂಟಕ್ಕ ಕಟ್ಟಿದ್ಲು. ಡಾಕ್ಟ್ರು ಇದರಿಂದ ಏನೂ ಆಗಲ್ಲ ಅಂದಾರ. ಆದ್ರೂ ಬಿಡಾಕ ಮನಸ್ಸಾಗಲ್ಲ.’

ಸಣ್ಣವಳಿದ್ದಾಗ ಬರುತ್ತಿತ್ತಂತೆ. ಬಳ್ಳಾರಿಯ ಡಾಕ್ಟರು ಗುಳಿಗೆ ನಿಲ್ಲಿಸಿ ವರ್ಷಗಳೇ ಆಗಿದ್ದವು. ಇನ್ನು ಬರುವುದೇ ಇಲ್ಲ ಅಂತ ಹೇಳಲು ಬರುವುದಿಲ್ಲ, ಬಂದರೆ ಹೆದರಬೇಕಾಗಿಲ್ಲ ಅಂದಿದ್ದರಂತೆ. ಮನೆಯವರು ಮುಚ್ಚಿಟ್ಟು ಮದುವೆ ಮಾಡೋಣ ಅಂದರೆ ಈಕೆ ಒಪ್ಪಳು. ಬಂದ ಗಂಡಿಗೆಲ್ಲ ಮೊದಲೇ ಹೇಳುವಳು. ಹೇಳಿದ ಮೇಲೆ ಯಾರೂ ಚಹಾ ಕುಡಿಯುವ ತನಕವೂ ಕೂತಿಲ್ಲ.

‘ಮಾಮ ಬಂದು ನಿಮ್ಮ ಸುದ್ದಿ ಹೇಳಿದಾಗ ಮನ್ಯಾಗ ಎಲ್ರೂ ಅಯ್ಯೋ ಅಂದ್ರು. ನಾನೊಬ್ಬಾಕಿ ಖುಷಿ ಆದೆ’ ಅಂದಳು. ‘ಒಬ್ರಿಗೆ ಕಾಯಿಲೆ ಐತಿ ಅಂತ ಖುಷಿ ಪಡೋದು ಪಾಪ ಅಲ್ರೀ? ಆದ್ರೂ ಆದೆ. ಇಷ್ಟು ದಿನ ನೋಡಾಕ ಬಂದೋರ ಮುಂದ ಅವ್ವ ಕೊಟ್ಟ ಸೀರಿ ಉಟ್ಕಂಡು ನಿಂತಿದ್ದೆ. ಇವತ್ತು ನಾನಾ ಆರಿಸ್ಕಂಡೆ.’

ಹಸಿರು ಸೀರೆ. ಅಂಚು ಅರಿಸಿನ. ಗುಂಡುಸೂಜಿಯಷ್ಟೂ ಇಲ್ಲ ಅಂತ ಎದೆ ತಟ್ಟಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು. ಏನಾದರೂ ಒಳ್ಳೆಯ ಮಾತು ಹೇಳಬೇಕು. ನನಗೆ ಬರುವ ಒಳ್ಳೆಯ ಮಾತೆಲ್ಲ ಯಾರ್ಡಿನದು. ಹೇಳಿದೆ: ‘ನೋಡ್ರಿ, ಒಂದ್ಸಲ ಸಿಕ್ ಆದ ಡಬ್ಬಿನ ನಾವು ಬಿಸಾಕಲ್ಲ. ಫಿಟ್ ಆದ ಮ್ಯಾಲ ಅದು ಎಲ್ಲಾ ಡಬ್ಬಿ ಜೋಡಿನೇ ಓಡ್ತೈತಿ. ಅಷ್ಟೇ ಲೋಡು ಎಳೀತೈತಿ...’

‘ನಾನೇನು ಗೂಡ್ಸ್ ಡಬ್ಬಿ ಏನ್ರಿ?’

ಫೋಟೋದಲ್ಲಿ ನೋಡಿದ ಮುಖ ಅದೇ! ತೂಕ ತಪ್ಪಿದ ಲಾರಿಯವನ ಸ್ಥಾನದಲ್ಲಿ ಈಗ ನಾನು ನಿಂತಿದ್ದೆ. ‘ಅಲ್ಲಲ್ಲ, ಪ್ಯಾಸೆಂಜರ್...’ ಅಂತ ತೊದಲಿದೆ. ಆಕೆಗೆ ನಗು ತಡೆಯಲಾಗಲಿಲ್ಲ, ತಂಬಿಗೆಯ ನೀರು ನನ್ನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ‘ನಿಮ್ಮವ್ವಗ ಕೇಳ್ರಿ ಮೊದಲು. ಆಕಿ ಬ್ಯಾಡ ಅಂದ್ರ ಸಿಟ್ಟು ಮಾಡ್ಬ್ಯಾಡ್ರಿ. ಕೀಲಿಕೈ ಕೊಟ್ಟು ಹೋಗ್ರಿ’ ಅಂದಳು.

ಕೀಲಿಕೈ ನಾನು ಕೊಡಲಿಲ್ಲ. ಜೇಬಿಗೆ ಹಾಕಿಕೊಂಡು, ‘ವಾಪಸ್ ಕೊಡಾಕ ಇನ್ನೊಂದ್ಸಲ ಬರ್ತೀನಿ’ ಅಂದೆ. ಹೇಳಿದ್ದು ಗಂಡಸಿನ ಹಾಗೆ, ಒಳಗೆ ಅವ್ವನ ಭಯಕ್ಕೆ ಪುಕುಪುಕು.

ತಿರುಗಿ ಬರುವಾಗ ಕಾರು ಸಿರಿಗೇರಿ ದಾಟಿದ ಮೇಲೆ ಅತ್ತೆ ತಡೆಯಲಾರದೆ, ‘ಹೋಗ್ಲಿ ಬಿಡು, ಕಂಪ್ಲಿ ಕಡೆ ಇನ್ನೊಂದು ಹುಡುಗಿ ಐತಿ’ ಅಂದಳು. ನನ್ನ ಕೈ ಜೇಬಿನಲ್ಲಿ ಕೀಲಿಕೈ ಹಿಡಿದಿತ್ತು. ಅವ್ವ ಕಿಟಕಿಯಾಚೆಯ ಗದ್ದೆ ನೋಡುತ್ತಿದ್ದವಳು ತಟ್ಟನೆ ತಿರುಗಿದಳು. ಉರಿದುಬಿದ್ದದ್ದು ಮಾತ್ರ ಅಪ್ಪನ ಮೇಲೆ.

‘ಇವರ ಮನಿಯೋರು ನನಗ ಹೇಳಿದ್ರೇನು, ಬಲಗಿವಿ ಕೇಳ್ಸಲ್ಲ ಅಂತ? ಮದುವಿ ಆದಮ್ಯಾಲ ಒಂದು ವರ್ಷ ಇವರ ಬಲಕ್ಕ ಕುಂತು ಕಷ್ಟ ಸುಖ ಎಲ್ಲಾ ಹೇಳ್ಕಂಡೀನಿ. ಎಂಥಾ ಶಾಂತ ಗಂಡ, ಏನಂದ್ರೂ ಎದುರು ಮಾತಿಲ್ಲ ಅಂತ ಊರೆಲ್ಲಾ ಹೊಗಳಿದ್ದೆ! ಒಂದು ಮಾತೂ ಇವರಿಗೆ ಮುಟ್ಟಿಲ್ಲ!’

ಅಪ್ಪ, ‘ಆಂ?’ ಅಂದ.

‘ನೋಡು!’ ಅಂದಳು ಅವ್ವ. ಆಮೇಲೆ ದನಿ ಇಳಿಸಿ, ‘ಆ ಹುಡುಗಿ ಬಾಗಲದಾಗ ನಿಂತು ಹೇಳದಿದ್ರ ನಮಗೇನು ಗೊತ್ತಾಗ್ತಿತ್ತು? ಹೇಳಿದ್ಲಲ್ಲ. ನನಗ ಅಷ್ಟು ಸಾಕು. ನಿಂಗ?’

ನಾನು ಜೇಬಿನಿಂದ ಕೀಲಿಕೈ ತೆಗೆದು ತೋರಿಸಿದೆ. ಅದೇನೆಂದು ಅವ್ವ ಕೇಳಲೂ ಇಲ್ಲ. ‘ಹಲ್ಲು ಮುಚ್ಕೋ, ಡ್ರೈವರ್ ನೋಡ್ತಾನ’ ಅಂದಳು.

ಮದುವೆಗೆ ಚಾಚಾ ಬಂದಿದ್ದ. ಸೋದರಮಾವ ಆತನನ್ನು ಮೂಲೆಗೆ ಕರೆದೊಯ್ದು ಬಹಳ ಹೊತ್ತು ಮಾತಾಡಿದ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಗುತ್ತಿದ್ದರು. ಹೆಂಡತಿ ಈಗ ಪಾರ್ವತಿನಗರದ ನಮ್ಮ ಮನೆಯಿಂದಲೇ ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಯೂನಿಟ್ ಒಂದಕ್ಕೆ ಹೋಗಿ ಲೆಕ್ಕ ಬರೆಯುತ್ತಾಳೆ. ನಾನು ಬಡಿದು ಆರಿಸಿ ತಂದ ಕಲ್ಲಂಗಡಿ ಒಳಗೆ ಬೆಳ್ಳಗಿದ್ದ ದಿನ ಅದನ್ನು ಓಣಿಗೆಲ್ಲ ತೋರಿಸಿ ಬರುತ್ತಾಳೆ. ಕೀಲಿಕೈ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲೇ ಡಾಕ್ಟರ ಹತ್ತಿರ ಹೋಗಿ, ಒಂದು ವೇಳೆ ಬಂದರೆ ಏನು ಮಾಡಬೇಕು ಅಂತ ಕೇಳಿ ಬಂದಿದ್ದೆ. ಬಂದವನೇ ಮನೆಯವರನ್ನೆಲ್ಲ ಕೂರಿಸಿ ಪಾಠ ಮಾಡಿದೆ. ಮಗ್ಗುಲಾಗಿ ಮಲಗಿಸಬೇಕು. ತಲೆಯ ಅಡಿ ಮೆತ್ತಗಿನದು ಇಡಬೇಕು. ಗಟ್ಟಿ ಹಿಡಿಯಬಾರದು, ಬಾಯಿಗೆ ಏನೂ ಹಾಕಬಾರದು, ಉಳ್ಳಾಗಡ್ಡಿ ಬೇಡ, ಕಬ್ಬಿಣ ಬೇಡ. ಸುಮ್ಮನೆ ಹತ್ತಿರ ಇರಬೇಕು. ಹೊತ್ತು ನೋಡಿಕೊಳ್ಳಬೇಕು, ಬೇಗ ನಿಲ್ಲದಿದ್ದರೆ ಆಸ್ಪತ್ರೆ. ಅಪ್ಪನಿಗೆ ಎಡಗಿವಿಯ ಹತ್ತಿರ ಕೂತು ಎರಡು ಸಲ ಹೇಳಿದೆ. ‘ಯಾರೂ ಗಾಬರಿ ಆಗಬಾರದು’ ಅಂತ ಗದರಿಸಿಯೂ ಬಿಟ್ಟೆ.

ಬಂದದ್ದು ಬಹಳ ದಿನದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ಊಟ ಆಗಿತ್ತು. ಆಕೆ ಅಕ್ಕಿ ಆರಿಸುತ್ತ ಅವ್ವನ ಜೊತೆ ಏನೋ ನಗುತ್ತಿದ್ದಳು. ನಗು ನಡುವೆ ನಿಂತಿತು. ಮೊರ ಉರುಳಿ ಅಕ್ಕಿ ನೆಲದ ತುಂಬ ಚೆಲ್ಲಿತು.

ಅವ್ವ ಮೊರ ಆಚೆ ನೂಕಿ, ಸೊಸೆಯನ್ನು ಮಗ್ಗುಲಿಗೆ ತಿರುಗಿಸಿ, ತನ್ನ ಸೆರಗನ್ನೇ ಮಡಚಿ ತಲೆಯ ಅಡಿ ಕೊಟ್ಟು, ‘ನಾನಿಲ್ಲೇ ಅದೀನವ್ವ, ನಾನಿಲ್ಲೇ ಅದೀನಿ’ ಅನ್ನುತ್ತ ಕೂತಳು. ಅಪ್ಪ ಗಡಿಯಾರದ ಎದುರು ನಿಂತು ಮುಳ್ಳನ್ನೇ ನೋಡುತ್ತಿದ್ದ, ನಾನು ಹೇಳಿಕೊಟ್ಟ ಹಾಗೆ. ಪಾಠ ಹೇಳಿದವನು ಎಲ್ಲಿದ್ದೆ ಅನ್ನುವುದು ನನಗೆ ನೆನಪಿಲ್ಲ. ಕಾದ ಬೇರಿಂಗಿನ ಹತ್ತಿರ ಕೈ ಹಿಡಿಯುವವನು, ಲೋಡ್ ತುಂಬಿದ ಡಬ್ಬಿಯ ಅಡಿ ನುಸುಳುವವನು, ಆವತ್ತು ನಾನು ಯಾವ ಕೆಲಸಕ್ಕೂ ಬರಲಿಲ್ಲ. ದೇವರೇ, ಇವಳನ್ನು ಕಳಕೊಳ್ಳಲಾರೆ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅದು ನಿಂತಿತು. ಬಹಳ ಹೊತ್ತೇನೂ ಇರಲಿಲ್ಲ ಅಂತ ಆಮೇಲೆ ಅಪ್ಪ ಹೇಳಿದ. ಆಕೆ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು ಸೂರು ನೋಡಿದಳು, ಅವ್ವನನ್ನು ನೋಡಿದಳು, ನೆಲದ ಮೇಲಿನ ಅಕ್ಕಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತಿದ್ದ ನನ್ನ ಕಡೆ ತಿರುಗಿದಳು. ನನ್ನ ಮೈ ನಡುಗುತ್ತಿತ್ತು, ಮುಖವೆಲ್ಲ ನೀರಾಗಿತ್ತು. ಬಲಗೈ ಮುಷ್ಟಿ ಬಿಗಿದು ಬೆಳ್ಳಗಾಗಿತ್ತು. ಮುಷ್ಟಿಯಿಂದ ಕೀಲಿಕೈಯ ತುದಿ ಹೊರಗೆ ಇಣುಕುತ್ತಿತ್ತು. ಯಾವಾಗ ಮೊಳೆಯಿಂದ ತೆಗೆದೆನೋ, ಆಕೆಗೆ ಕೊಡಲು ಹೋಗಿ ನಾನೇ ಯಾಕೆ ಹಿಡಿದು ಕೂತೆನೋ, ದೇವರಾಣೆ ಗೊತ್ತಿಲ್ಲ.

ಆಕೆ ಮುಷ್ಟಿ ನೋಡಿದಳು, ಮುಖ ನೋಡಿದಳು. ನಾಲಿಗೆ ಇನ್ನೂ ತೊಡರುತ್ತಿತ್ತು.

‘ನಿಮಗ ಬಂತೇನ್ರಿ?’ ಅಂದಳು.

ಅವ್ವ ನಗುತ್ತ ನಗುತ್ತ ಅಳಲು ಶುರು ಮಾಡಿದಳು. ಆಕೆ ಮೆಲ್ಲಗೆ ಕೈ ಚಾಚಿ ನನ್ನ ಬೆರಳುಗಳನ್ನು ಒಂದೊಂದೇ ಬಿಡಿಸಿ ಕೀಲಿಕೈ ತೆಗೆದುಕೊಂಡಳು. ಅದರ ಹಲ್ಲಿನ ಗುರುತು ನನ್ನ ಅಂಗೈಯಲ್ಲಿ ಆಳವಾಗಿ ಮೂಡಿತ್ತು. ಆ ಗುರುತಿನ ಮೇಲೆ, ನಾನು ಡಬ್ಬಿಗಳ ಮೇಲೆ ಬರೆಯುವ ಹಾಗೆ, ಬೆರಳಿನಿಂದ ಏನೋ ಗೀಚಿದಳು.

‘ಫಿಟ್’ ಅಂದಳು. ‘ಏಳ್ರಿ, ನೀರು ಕೊಡ್ರಿ.’